ಕಾಪು ಕಡಲಿನಿಂದ ಬಾಗಮತಿ ದಡಕ್ಕೆ ಒಂದು ಹಗಲು

ಬೆಳಗಿನ ಜಾವ ಮೂರೂವರೆಗೂ ಮಣಿಪಾಲ ಪೂರ್ತಿ ಮಲಗಿರುವುದಿಲ್ಲ. ಆಸ್ಪತ್ರೆಯ ಗೇಟಿನೆದುರು ರಾತ್ರಿ ಪಾಳಿಯ ನರ್ಸುಗಳು ಸ್ವೆಟರಿನ ತೋಳೊಳಗೆ ಬೆರಳು ಎಳೆದುಕೊಂಡು ಚಹಾ ಕುಡಿಯುತ್ತಿರುತ್ತಾರೆ, ಟೈಗರ್ ಸರ್ಕಲ್ಲಿನ ಹತ್ತಿರ ಹಾಲಿನ ವ್ಯಾನಿನಿಂದ ಕ್ರೇಟುಗಳು ದಡದಡನೆ ಇಳಿಯುತ್ತಿರುತ್ತವೆ, ಪರೀಕ್ಷೆಗೆ ಓದಿ ಕಣ್ಣು ಕೆಂಪಾದ ಹುಡುಗ ಹುಡುಗಿಯರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹಾಸ್ಟೆಲಿನ ಕಡೆ ಹೆಜ್ಜೆ ಹಾಕುತ್ತಿರುತ್ತಾರೆ. ಇದು ಕಾರ್ತಿಕ ಮಾಸ. ಮಳೆ ಬಿಟ್ಟು ಕೆಲವು ದಿನಗಳಾದರೂ ಗುಡ್ಡದ ಗಾಳಿಯಲ್ಲಿ ಒದ್ದೆ ಮುರಕಲ್ಲಿನ ವಾಸನೆ ಇನ್ನೂ ಉಳಿದಿದೆ. ಒಂದು ಮನೆಯ ಅಂಗಳದಲ್ಲಿ ಟ್ರಾವೆಲ್ಸಿನ ಗಾಡಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ. ಬಾಗಿಲು ತೆರೆದೇ ಇದೆ, ನೀವೂ ಹತ್ತಿ ಕೂತುಕೊಳ್ಳಿ. ಇವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ನೇಪಾಳದ ಕಠ್ಮಂಡುವಿನಲ್ಲಿ ಪಶುಪತಿನಾಥನ ಎದುರು ನಿಂತಿರಬೇಕು.

ಮೊದಲು ಹತ್ತುವವರು ನಿವೃತ್ತ ನರ್ಸ್ ಒಬ್ಬರು. ಕೇರಿಯವರೆಲ್ಲ ಅವರನ್ನು ಕರೆಯುವುದು ‘ಸಿಸ್ಟರಕ್ಕ’ ಎಂದೇ. ಕೈಯಲ್ಲಿ ಒಂದು ಸಣ್ಣ ಸೂಟ್‌ಕೇಸು, ಹೆಗಲಿಗೆ ಬಟ್ಟೆಯ ಚೀಲ, ಮುಖದಲ್ಲಿ ತವರಿಗೆ ಹೊರಟವರ ಗೆಲುವು. ಹರೆಯದ ಕೆಲವು ವರ್ಷ ಅವರು ದುಡಿದದ್ದು ನೇಪಾಳದ ಪೊಖರಾದಲ್ಲಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಈ ಬೋಳು ಗುಡ್ಡದ ಮೇಲೆ ಕಸ್ತೂರ್‌ಬಾ ಮೆಡಿಕಲ್ ಕಾಲೇಜು ಕಟ್ಟಿದ್ದು ಎಲ್ಲರಿಗೂ ಗೊತ್ತು. ಆ ಮಣಿಪಾಲವೇ 1994ರಲ್ಲಿ ಹಿಮಾಲಯದ ಬುಡಕ್ಕೆ ಹೋಗಿ ಪೊಖರಾದಲ್ಲೊಂದು ವೈದ್ಯಕೀಯ ಕಾಲೇಜನ್ನೂ ಆಮೇಲೆ ಆಸ್ಪತ್ರೆಯನ್ನೂ ತೆರೆದ ಸಂಗತಿ ನಮ್ಮಲ್ಲೇ ಎಷ್ಟೋ ಜನಕ್ಕೆ ತಿಳಿದಿಲ್ಲ. “ಬಸ್ಸಿಲ್ಲದ ಊರಿನವರು ಕಾಯಿಲೆಯವರನ್ನು ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ತರುತ್ತಿದ್ದರು ಮಾರಾಯ್ರೆ. ಇಳಿಸಿದ ಮೇಲೂ ಹೊತ್ತವನ ಹಣೆಯಲ್ಲಿ ಪಟ್ಟಿಯ ಗುರುತು ಹಾಗೇ ಇರುತ್ತಿತ್ತು,” ಎಂದು ಸಿಸ್ಟರಕ್ಕ ಸೀಟಿನಲ್ಲಿ ಸರಿಯಾಗಿ ಕೂರುವ ಮೊದಲೇ ಮಾತು ಶುರು ಮಾಡುತ್ತಾರೆ.

ಗಾಡಿ ಇಂದ್ರಾಳಿಯ ಇಳಿಜಾರಿನಲ್ಲಿ ಇಳಿದು ಕಲ್ಸಂಕ ದಾಟಿ ಉಡುಪಿಯ ರಥಬೀದಿಯ ಬಾಯಿಗೆ ಬಂದು ನಿಲ್ಲುತ್ತದೆ. ದೂರದ ಪ್ರಯಾಣಕ್ಕೆ ಹೊರಟವರು ಕೃಷ್ಣನಿಗೆ ಒಂದು ನಮಸ್ಕಾರ ಹಾಕಿ ಹೋಗುವುದು ಇಲ್ಲಿಯ ರೂಢಿ. ಕಾರ್ತಿಕದ ಪಶ್ಚಿಮ ಜಾಗರ ಪೂಜೆಯ ದಿನಗಳಿವು. ಹೊರಗೆ ಕತ್ತಲು, ಒಳಗೆ ಸಾಲು ಹಣತೆಗಳ ಬೆಳಕು, ಎಣ್ಣೆಬತ್ತಿಯ ಹೊಗೆಗೆ ತುಳಸಿಯ ಘಾಟು ಸೇರಿ ಬರುವ ಆ ಗಾಳಿ. ರಥಗಳು ಮುಸುಕು ಹೊದ್ದು ನಿಂತಿವೆ, ಒಬ್ಬಾಕೆ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದಾಳೆ, ಬಕೆಟಿನ ಹಿಡಿಕೆ ಕಿರ್ ಎನ್ನುತ್ತದೆ. ಕನಕನ ಕಿಂಡಿಯ ಎದುರು ಕೈಮುಗಿದು ನಿಂತಾಗ, ಇಲ್ಲಿಗೆ ಹತ್ತಿರದ ಪಾಜಕದಲ್ಲಿ ಹುಟ್ಟಿ 13ನೇ ಶತಮಾನದಲ್ಲಿ ಎರಡು ಸಲ ಬದರಿಗೆ ಹೋಗಿ ಬಂದ ಮಧ್ವಾಚಾರ್ಯರ ನೆನಪಾಗದೆ ಇರುವುದಿಲ್ಲ. ಕಾಡು, ಹೊಳೆ, ಕಳ್ಳಕಾಕರು, ಬೇರೆ ಬೇರೆ ಅರಸರ ಗಡಿ ಎಲ್ಲವನ್ನೂ ಕಾಲ್ನಡಿಗೆಯಲ್ಲಿ ದಾಟಿ ಈ ಊರಿನವರು ಹಿಮಾಲಯದ ದಾರಿ ಕಂಡುಕೊಂಡು ಏಳು ಶತಮಾನ ಕಳೆದಿದೆ. ಆ ದಾರಿಯಿಂದ ಇಳಿದು ಬಂದದ್ದೂ ಉಂಟು. ನಮ್ಮ ಮನೆಮನೆಯ ದೇವರ ಪೆಟ್ಟಿಗೆಯಲ್ಲಿ ತುಳಸಿದಳ ಹೊತ್ತು ಕೂತಿರುವ ಸಾಲಿಗ್ರಾಮಗಳು ನೇಪಾಳದ ಕಾಳಿ ಗಂಡಕಿ ನದಿಯ ಕಲ್ಲುಗಳೇ.

ಉದ್ಯಾವರದ ಸೇತುವೆ, ಕಟಪಾಡಿ, ಆಮೇಲೆ ಕಾಪು. ಹೆದ್ದಾರಿ ಬಿಟ್ಟು ಪಡುವಿನ ಕಡೆ ತಿರುಗಿದ ಕೂಡಲೇ ಕಿಟಕಿಯಿಂದ ಉಪ್ಪು ಗಾಳಿ ನುಗ್ಗುತ್ತದೆ, ತೆಂಗಿನ ಗರಿಗಳ ಸಂದಿಯಲ್ಲಿ ದೀಪಸ್ತಂಭದ ಬೆಳಕು ಬೀಸಿ ಹೋಗುತ್ತದೆ. 1901ರಿಂದ ಕಡಲಂಚಿನ ಬಂಡೆಯ ಮೇಲೆ ನಿಂತು ದೋಣಿಗಳಿಗೆ ದಾರಿ ಹೇಳುತ್ತಿರುವ ಬೆಳಕದು. ಅದರಾಚೆ ನೀರಿನ ಮೇಲೆ ಮೀನುಗಾರಿಕೆಯ ಬೋಟುಗಳ ದೀಪ ಅಲ್ಲೊಂದು ಇಲ್ಲೊಂದು ಮಿನುಗುತ್ತವೆ. ಇಲ್ಲಿಯ ಮನೆಯ ಜಗಲಿಯಲ್ಲಿ ನಮ್ಮ ದೊಡ್ಡಮ್ಮ ತಯಾರಾಗಿ ಕೂತಿದ್ದಾರೆ. ತಲೆಯಲ್ಲಿ ಶಂಕರಪುರದ ಮಲ್ಲಿಗೆ, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದು. ಇಲ್ಲಿಗೆ ಒಂದಿಷ್ಟು ಮೈಲಿ ದೂರದ ಶಂಕರಪುರದ ಮನೆಗಳಲ್ಲಿ ಈ ಹೊತ್ತಿಗೆ ಹೆಂಗಸರು ಟಾರ್ಚು ಹಿಡಿದು ಗಿಡದಿಂದ ಮೊಗ್ಗು ಬಿಡಿಸುತ್ತಿರುತ್ತಾರೆ. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟಿದ ಹೂವು ಬಸ್ಸು ಹತ್ತಿ, ವಿಮಾನ ಹತ್ತಿ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಬಾಡುವ ಮುನ್ನ ತಲುಪುತ್ತದೆ. ಈ ಊರಿನ ಮನುಷ್ಯರಿಗಿಂತ ಮೊದಲೇ ಈ ಊರಿನ ಹೂವು ವಿಮಾನ ಪ್ರಯಾಣವನ್ನು ಕಲಿತುಕೊಂಡಿದೆಯೋ ಏನೋ.

ಚೀಲ ಗಾಡಿಗೆ ಏರಿಸುವ ಮೊದಲು ದೊಡ್ಡಮ್ಮನ ಮಗ ಒಂದೊಂದನ್ನೂ ಬಾಯಿಬಿಟ್ಟು ಓದಿ ಒಪ್ಪಿಸುತ್ತಾನೆ. ಉಪ್ಪಿನಕಾಯಿಯ ಬಾಟಲಿ ಕೈಚೀಲದಲ್ಲಿ ಬೇಡ, ದೊಡ್ಡ ಚೀಲದಲ್ಲಿ ಬಟ್ಟೆಯ ನಡುವೆ ಇರಲಿ. ಫೋನಿಗೆ ಚಾರ್ಜು ಕೊಡುವ ಪವರ್ ಬ್ಯಾಂಕು ದೊಡ್ಡ ಚೀಲದಲ್ಲಿ ಬೇಡ, ಕೈಯಲ್ಲಿರಲಿ. ಒಣಕೊಬ್ಬರಿ ಮಾತ್ರ ಮನೆಯಲ್ಲೇ ಉಳಿಯಬೇಕು. ಅದರೊಳಗಿನ ಎಣ್ಣೆ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳಬಹುದೆಂದು ವಿಮಾನದ ಸರಕಿನ ಚೀಲದಲ್ಲಿ ಅದಕ್ಕೆ ಜಾಗವಿಲ್ಲ. ತೆಂಗಿನ ನಾಡಿನವರಿಗೆ ಇದು ತುಸು ಕಷ್ಟದ ಕಾನೂನು. ಅದರ ಬದಲಿಗೆ ಹಲಸಿನ ಹಪ್ಪಳದ ಕಟ್ಟು ಸೇರಿಕೊಂಡಿದೆ. “ವೋಟಿನ ಕಾರ್ಡು ಎಲ್ಲಿಟ್ಟಿರಿ ಅಮ್ಮ?” ಎಂದು ಅವನು ಕೇಳಿದರೆ ದೊಡ್ಡಮ್ಮ ಸೆರಗಿನ ಒಳಗಿನ ಪುಟ್ಟ ಪರ್ಸನ್ನು ಮುಟ್ಟಿ ತೋರಿಸುತ್ತಾರೆ. ಅವರ ಹತ್ತಿರ ಪಾಸ್‌ಪೋರ್ಟು ಇಲ್ಲ. ಚುನಾವಣಾ ಆಯೋಗ ಕೊಟ್ಟ ಆ ಗುರುತಿನ ಚೀಟಿಯೇ ಇವತ್ತು ಅವರನ್ನು ಇನ್ನೊಂದು ದೇಶಕ್ಕೆ ದಾಟಿಸಲಿದೆ.

ಉಚ್ಚಿಲ, ಪಡುಬಿದ್ರಿ, ಹೆಜಮಾಡಿಯ ಟೋಲ್ ಗೇಟು. ಶಾಂಭವಿ ಹೊಳೆ ದಾಟಿದರೆ ಉಡುಪಿ ಜಿಲ್ಲೆ ಮುಗಿದು ದಕ್ಷಿಣ ಕನ್ನಡ ಶುರು. ಮುಲ್ಕಿಯಿಂದ ಒಳದಾರಿ ಹಿಡಿದು ಕಿನ್ನಿಗೋಳಿಗೆ ಬರುವಷ್ಟರಲ್ಲಿ ಹೋಟೆಲಿನ ಬಾಗಿಲು ತೆರೆದು ಬಾಣಲೆ ಕಾದಿದೆ. ಬನ್ಸು ಉಬ್ಬಿ ಹೊರಳುತ್ತಿದೆ, ಮಾಗಿದ ಬಾಳೆಹಣ್ಣಿಗೆ ಜೀರಿಗೆ ಸೇರಿದ ಬಿಸಿ ಪರಿಮಳ ರಸ್ತೆಯವರೆಗೂ ಬಂದಿದೆ. ಗಾಡಿಯ ಡ್ರೈವರಣ್ಣ ನಿಂತುಕೊಂಡೇ ಗ್ಲಾಸು ಚಹಾ ಮುಗಿಸಿ, ಗಡಿಯಾರ ನೋಡಿ, “ಅರ್ಜೆಂಟಿಲ್ಲ, ಬೆಚ್ಚಗೆ ತಿನ್ನಿ,” ಎನ್ನುತ್ತಾನೆ. ಈ ದಾರಿಯಲ್ಲಿ ಸಾವಿರ ಸಲ ಹೋಗಿ ಬಂದವನ ಸಮಾಧಾನ ಅದು. ಬೆಳಗಿನ ವಿಮಾನದವರನ್ನು ಬಿಟ್ಟು, ಅದೇ ಹೊತ್ತಿಗೆ ಬಂದಿಳಿದವರನ್ನು ಹತ್ತಿಸಿಕೊಂಡು ಮರಳುವುದು ಅವನ ದಿನಚರಿ. ಮಂದಿಯ ಅಳುವೂ ನಗುವೂ ಒಂದೇ ಬೆಳಿಗ್ಗೆ ಅವನ ಗಾಡಿಯಲ್ಲಿ ಕೂತು ಏಳುತ್ತವೆ.

ಕಟೀಲಿನಲ್ಲಿ ನಂದಿನಿ ನದಿಯ ಸದ್ದು ಕೇಳುವಲ್ಲಿ ಕಾರ್ಕಳದ ಗಾಡಿ ಕಾಯುತ್ತಿದೆ. ನಿಟ್ಟೆ, ಬೆಳ್ಮಣ್, ಮುಂಡ್ಕೂರು ದಾಟಿ ಬಂದ ಮಾವ ಅದರಿಂದ ಇಳಿದು ಬಂದು ನಮ್ಮ ಜೊತೆ ಸೇರುತ್ತಾರೆ. ಬಿಳಿ ಪಂಚೆ, ಹೆಗಲಿಗೆ ಶಾಲು, ಅಂಗೈ ಮಾತ್ರ ಒರಟು. ಬಾಳಿನ ಬಹುಪಾಲು ಕಲ್ಲು ಕೆತ್ತಿದ ಕೈ ಅದು. ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ದಿನವೂ ಕತ್ತೆತ್ತಿ ನೋಡುತ್ತ ಬೆಳೆದವರ ಊರು ಕಾರ್ಕಳ. ಧರ್ಮಸ್ಥಳದ ಬಾಹುಬಲಿಯನ್ನು ಕೆತ್ತಿದ ರೆಂಜಾಳ ಗೋಪಾಲ ಶೆಣೈ ಅವರ ಊರೂ ಅದೇ. “ನೇಪಾಳದವರ ಮರದ ಕೆತ್ತನೆ ನೋಡಬೇಕು ಅಂತ ಎಷ್ಟೋ ಕಾಲದ ಆಸೆ,” ಎನ್ನುತ್ತಾರೆ ಮಾವ. ಪಶುಪತಿನಾಥನಿಗೆ ಕೈಮುಗಿಯುವುದು ಅದರ ಜೊತೆಗೇ ಆಗಬೇಕಾದ ಕೆಲಸ.

ಬಜಪೆಯ ಗುಡ್ಡ ಹತ್ತುವಾಗ ಮೂಡಣ ಕೆಂಪಾಗುತ್ತದೆ. 1951ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಡಕೋಟ ವಿಮಾನದಲ್ಲಿ ಬಂದಿಳಿದು ಆರಂಭ ಮಾಡಿಕೊಟ್ಟ ನಿಲ್ದಾಣವಿದು. ಗುಡ್ಡದ ನೆತ್ತಿ ಸಮ ಮಾಡಿ ಹಾಸಿದ ರನ್‌ವೇ, ಸುತ್ತ ಕಣಿವೆ, ಕಣಿವೆಯಲ್ಲಿ ಅಡಿಕೆ ತೋಟಗಳ ಮೇಲೆ ತೇಲುವ ಮಂಜು. ನಿಲ್ದಾಣದ ಬಾಗಿಲಲ್ಲಿ ದಿನವೂ ನಡೆಯುವ ನೋಟ ಇವತ್ತೂ ಇದೆ. ದುಬೈಗೋ ಮಸ್ಕತ್ತಿಗೋ ಹೊರಟ ಹುಡುಗ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಹೆಸರು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ಹೆಂಡತಿ, ಮಾತಿಲ್ಲದೆ ನಿಂತ ತಂದೆ. ಗಾಜಿನ ಆಚೆಗೆ ಹೋದ ಮೇಲೂ ಅವನು ತಿರುಗಿ ತಿರುಗಿ ಕೈಬೀಸುತ್ತಾನೆ. ಕರಾವಳಿಯ ಎಷ್ಟೋ ಮನೆಗಳ ಹೆಂಚಿನ ಮಾಡು ತಾರಸಿಯಾದದ್ದು ಈ ಬಾಗಿಲಿನಿಂದ. ಈ ನೋಟವನ್ನು ನೆನಪಿಟ್ಟುಕೊಳ್ಳಿ, ಮಧ್ಯಾಹ್ನ ಇದರ ಇನ್ನೊಂದು ಮಗ್ಗುಲನ್ನು ನೋಡಲಿಕ್ಕಿದೆ.

ಒಳಗೆ ಎಲ್ಲವೂ ಒಂದರ ಹಿಂದೊಂದು ಸಲೀಸಾಗಿ ಸಾಗುತ್ತದೆ. ಕೌಂಟರಿನ ಹುಡುಗಿ ತುಳುವಿನಲ್ಲೇ ದೊಡ್ಡಮ್ಮನನ್ನು ಮಾತಾಡಿಸಿ, ಚೀಲಗಳಿಗೆ ನೇರ ಕಠ್ಮಂಡುವಿನ ಚೀಟಿ ಅಂಟಿಸಿ, ದಿಲ್ಲಿಯಲ್ಲಿ ಅವನ್ನು ಎತ್ತಿಕೊಳ್ಳುವ ಗೊಡವೆ ಇಲ್ಲವೆಂದು ಸಮಾಧಾನ ಹೇಳುತ್ತಾಳೆ. ತಪಾಸಣೆಯ ಯೋಧ ಮಾವನ ಶಾಲನ್ನು ಮಡಚಿ ಮರಳಿ ಕೊಡುತ್ತಾನೆ. ವಿಮಾನ ಗುಡ್ಡದ ಅಂಚು ಬಿಟ್ಟು ಮೇಲೇಳುತ್ತದೆ. ಕೆಳಗೆ ಹೊಳೆಗಳು ಕಡಲಿಗೆ ಸೇರುವ ಅಳಿವೆಗಳು, ಕೊಯ್ಲಿಗೆ ಬಂದ ಏಣೆಲು ಬೆಳೆಯ ಹೊಂಬಣ್ಣದ ಗದ್ದೆಗಳು, ಆಮೇಲೆ ಘಟ್ಟದ ಕಡು ಹಸಿರು. ದೊಡ್ಡಮ್ಮ ಕಣ್ಣುಮುಚ್ಚಿ ಸಹಸ್ರನಾಮ ಶುರು ಮಾಡುತ್ತಾರೆ. ಅದು ಮುಗಿದು, ಚಹಾ ಮುಗಿದು, ಒಂದು ಜೊಂಪು ನಿದ್ದೆಯೂ ಮುಗಿಯುವಷ್ಟರಲ್ಲಿ ದಿಲ್ಲಿ. ಹೆಚ್ಚುಕಡಿಮೆ ಮೂರು ಗಂಟೆ.

ದಿಲ್ಲಿಯ ಮೂರನೇ ಟರ್ಮಿನಲ್ಲಿನಲ್ಲಿ ಗೋಡೆಯಿಂದ ಹೊರಚಾಚಿದ ದೊಡ್ಡ ದೊಡ್ಡ ಹಸ್ತಮುದ್ರೆಗಳ ಕೆಳಗೆ ಜನ ಸಾಲುಗಟ್ಟಿ ಚಲಿಸುತ್ತಾರೆ. ಅಭಯ ಹಸ್ತದ ಕೆಳಗೆ ನಿಂತ ಮಾವ ಬೆರಳ ಗೆಣ್ಣುಗಳ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡು ತಲೆದೂಗುತ್ತಾರೆ. ವಲಸೆ ವಿಭಾಗದ ಅಧಿಕಾರಿ ದೊಡ್ಡಮ್ಮನ ಮತದಾರರ ಚೀಟಿಯನ್ನು ತಿರುಗಿಸಿ ನೋಡಿ, ಮುಖ ನೋಡಿ, “ಪಶುಪತಿನಾಥ್?” ಎಂದಷ್ಟೇ ಕೇಳುತ್ತಾನೆ. ದೊಡ್ಡಮ್ಮ ಕೈಮುಗಿಯುತ್ತಾರೆ. ಆಯಿತು, ಗಡಿ ದಾಟಿದ ಹಾಗೇ. ನೇಪಾಳಕ್ಕೆ ವಿಮಾನದಲ್ಲಿ ಹೋಗುವ ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟು ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ ಇದ್ದರೆ ಸಾಕು. ಅರುವತ್ತೈದು ದಾಟಿದವರಿಗೂ ಹದಿನೈದು ತುಂಬದವರಿಗೂ ಫೋಟೊ ಇರುವ ಬೇರೆ ದಾಖಲೆಯೂ ನಡೆಯುತ್ತದೆ. ಇದರ ಹಿಂದೆ 1950ರ ಜುಲೈ 31ರಂದು ಎರಡೂ ದೇಶಗಳು ಕಠ್ಮಂಡುವಿನಲ್ಲಿ ಸಹಿ ಹಾಕಿದ ಶಾಂತಿ ಮತ್ತು ಸ್ನೇಹದ ಒಪ್ಪಂದವಿದೆ. ಆ ಕಡೆಯವರು ಇಲ್ಲಿ ಬಂದು ನೆಲೆಸಬಹುದು, ದುಡಿಯಬಹುದು. ಈ ಕಡೆಯವರು ಅಲ್ಲಿ ಅದನ್ನೇ ಮಾಡಬಹುದು. ಒಂದು ಪುಟ್ಟ ಚೀಟಿಗೆ ಇಷ್ಟು ಬಲ ಬಂದದ್ದು ಹಾಗೆ.

ಕಠ್ಮಂಡುವಿನ ವಿಮಾನ ಹತ್ತುವ ಬಾಗಿಲಲ್ಲಿ ಬಜಪೆಯ ಬೆಳಗಿನ ಇನ್ನೊಂದು ಮಗ್ಗುಲು ಕಾಣಿಸುತ್ತದೆ. ದೋಹಾ, ದುಬೈ, ದಮ್ಮಾಮುಗಳಿಂದ ದಿಲ್ಲಿಯ ಮೂಲಕ ಮನೆಗೆ ಮರಳುತ್ತಿರುವ ನೇಪಾಳದ ಹುಡುಗರವರು. ಬಿಸಿಲಿಗೆ ಕಂದಿದ ಮುಖ, ಹೊಸ ಬೂಟು, ತೋಳಿನಲ್ಲಿ ಪ್ಲಾಸ್ಟಿಕ್ ಜಿಪ್ಪಿನ ಚೀಲದೊಳಗೆ ಮಡಚಿದ ದಪ್ಪ ಕಂಬಳಿ. ಒಬ್ಬ ಫೋನಿನಲ್ಲಿ ಮಗಳಿಗೆ ವಿಮಾನ ತೋರಿಸುತ್ತಿದ್ದಾನೆ. ಸಿಸ್ಟರಕ್ಕ ನೇಪಾಳಿಯಲ್ಲಿ “ಭಾಯಿ, ಮನೆ ಎಲ್ಲಿ?” ಎಂದು ಕೇಳಿದ್ದೇ ತಡ, ಅವನ ಕಣ್ಣು ಅರಳುತ್ತದೆ. ಇಷ್ಟು ಹೊತ್ತು ಅಪರಿಚಿತರ ನಡುವೆ ಬಿಗಿಯಾಗಿ ಕೂತವನು ಅಕ್ಕ ಅಕ್ಕ ಎನ್ನುತ್ತ ಮಾತಿಗೆ ಬೀಳುತ್ತಾನೆ.

ಅವರ ಮಾತು ಕೇಳುತ್ತಿದ್ದರೆ ಮಣಿಪಾಲದ ಹೋಟೆಲಿನ ಅಡುಗೆಮನೆಯಲ್ಲಿ ಬಾಣಲೆ ಎತ್ತಿ ಎತ್ತಿ ನೂಡಲ್ಸು ಹಾರಿಸುವ ನೇಪಾಳಿ ಹುಡುಗ ನೆನಪಾಗುತ್ತಾನೆ. ಅವನೂ ಮನೆಗೆ ಹೋಗುತ್ತಾನೆ, ಆದರೆ ಒಂದು ಹಗಲಿನಲ್ಲಿ ಅಲ್ಲ. ಇಂದ್ರಾಳಿ ಸ್ಟೇಷನ್ನಿನಲ್ಲಿ ಕೊಂಕಣ ರೈಲು ಹತ್ತಿ ಮುಂಬಯಿ, ಅಲ್ಲಿಂದ ಕಾಯ್ದಿರಿಸದ ಬೋಗಿಯಲ್ಲಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ, ಗಡಿಯನ್ನು ನಡೆದೇ ದಾಟಿ ಮತ್ತೆ ಬಸ್ಸು, ಕೊನೆಗೆ ಟಾರು ಮುಗಿದಲ್ಲಿಂದ ಕಾಲ್ನಡಿಗೆ. ಮೂರು ನಾಲ್ಕು ದಿನದ ದಾರಿ. ಸಂಬಳ ಒಳಜೇಬಿನಲ್ಲಿ, ಚೀಲ ತಲೆಯ ಕೆಳಗೆ, ನಿದ್ದೆ ಅರ್ಧ ಕಣ್ಣಿನದು. ಪಶುಪತಿಗೆ ಹೊರಟಿದ್ದೇವೆ ಎಂದಾಗ ಅವನು ಸೌಟು ಕೆಳಗಿಟ್ಟು ಕೈ ಒರೆಸಿಕೊಂಡು ಹಣೆಗೆ ಮುಟ್ಟಿಸಿಕೊಂಡದ್ದು, ಅವನ ಹೆಸರಿನಲ್ಲೂ ಒಂದು ದೀಪ ಹಚ್ಚಲು ಹೇಳಿದ್ದು ದೊಡ್ಡಮ್ಮನಿಗೆ ಬಾಯಿಪಾಠವಾಗಿದೆ.

ಈ ವಿಮಾನದಲ್ಲಿ ಎಡಗಡೆಯ ಕಿಟಕಿಗೆ ಬಹಳ ಬೆಲೆ. ನೀವು ಅಲ್ಲೇ ಕೂತುಕೊಳ್ಳಿ. ಮೊದಲರ್ಧ ಬಯಲು, ಗಂಗೆಯ ಸೀಮೆಯ ಮಬ್ಬು, ಚೌಕ ಚೌಕ ಹೊಲಗಳು. ಆಮೇಲೆ ಮಬ್ಬಿನ ಮೇಲ್ಗಡೆ ಒಂದು ಬಿಳಿ ಅಂಚು ಕಾಣಿಸುತ್ತದೆ. ಮೋಡವೆಂದು ಸುಮ್ಮನಾಗುತ್ತೀರಿ. ಆ ಅಂಚು ಕದಲುವುದಿಲ್ಲ. ನೋಡುತ್ತ ನೋಡುತ್ತ ಅದರಲ್ಲಿ ಮಡಿಕೆ, ನೆರಳು, ಚೂಪು ತುದಿಗಳು ಮೂಡಿ, ವಿಮಾನದ ಎತ್ತರಕ್ಕೆ ಸರಿಸಾಟಿಯಾಗಿ ಬಾನಿನ ಉದ್ದಕ್ಕೂ ಹಿಮಾಲಯ ಎದ್ದು ನಿಲ್ಲುತ್ತದೆ. ಕಾರ್ತಿಕದಲ್ಲಿ ಮಳೆ ತೊಳೆದು ಬಿಟ್ಟ ಗಾಳಿಗೆ ಧೂಳಿಲ್ಲ, ಅಷ್ಟು ದೂರದ ಹಿಮವೂ ಕಣ್ಣಿಗೆ ಚುಚ್ಚುತ್ತದೆ. ವಿಮಾನದೊಳಗಿನ ಮಾತು ತಾನಾಗಿ ತಗ್ಗುತ್ತದೆ. ಬಲಗಡೆಯವರೂ ಸೀಟು ಬಿಟ್ಟು ಬಾಗುತ್ತಾರೆ. ಗಲ್ಫಿನಿಂದ ಬಂದ ಹುಡುಗ ಗಾಜಿಗೆ ಬೆರಳು ಒತ್ತಿ ಹೆಸರು ಹೇಳುತ್ತ ಹೋಗುತ್ತಾನೆ. ಧವಳಗಿರಿ, ಅನ್ನಪೂರ್ಣ, ಮನಾಸ್ಲು. ಮೂರೂ ಎಂಟು ಸಾವಿರ ಮೀಟರ್ ಮೀರಿದವು, ಜಗತ್ತಿನಲ್ಲಿ ಅಷ್ಟು ಎತ್ತರದ ಶಿಖರಗಳಿರುವುದೇ ಹದಿನಾಲ್ಕು, ಅದರಲ್ಲಿ ಎಂಟು ನೇಪಾಳದ ನೆಲದಲ್ಲಿವೆ. ಸಿಸ್ಟರಕ್ಕನ ಕಣ್ಣು ಮಾತ್ರ ಅವುಗಳಿಗಿಂತ ಗಿಡ್ಡದಾದ ಒಂದು ಶಿಖರವನ್ನು ಹುಡುಕುತ್ತದೆ. ಪೊಖರಾದಿಂದ ದಿನವೂ ಕಾಣುವ, ಮೀನಿನ ಬಾಲದ ಹಾಗೆ ಸೀಳಿದ ತುದಿಯ ಮಚ್ಛಾಪುಚ್ಛ್ರೆ, 6,993 ಮೀಟರ್. “ಡ್ಯೂಟಿ ಮುಗಿಸಿ ಹೊರಗೆ ಬಂದರೆ ಎದುರಿಗೇ ಇರುತ್ತಿತ್ತು. ಕಾಲು ನೋವು ಮರೆತು ಹೋಗುತ್ತಿತ್ತು,” ಎಂದು ಅವರು ಮೆಲ್ಲನೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಎರಡು ಗಂಟೆಯೊಳಗೆ ವಿಮಾನ ಬೆಟ್ಟಗಳ ಬಟ್ಟಲಿನೊಳಕ್ಕೆ ಇಳಿಯುತ್ತದೆ. ತ್ರಿಭುವನ್ ನಿಲ್ದಾಣ ಕಡಲ ಮಟ್ಟಕ್ಕಿಂತ 1,338 ಮೀಟರ್ ಮೇಲಿದೆ. ಬೆಳಿಗ್ಗೆ ಕಾಪುವಿನ ಅಲೆಯ ಸದ್ದು ಕೇಳಿದ ಕಿವಿಗೆ ಇಲ್ಲಿಯ ತೆಳು ಗಾಳಿ ಟಪ್ ಎಂದು ಬಡಿಯುತ್ತದೆ. ಗಡಿಯಾರವನ್ನು ಹದಿನೈದು ನಿಮಿಷ ಮುಂದಿಡಬೇಕು, ಅಷ್ಟೇ ವ್ಯತ್ಯಾಸ. ವಿದೇಶಿಯರು ವೀಸಾದ ಅರ್ಜಿ ತುಂಬುತ್ತ ನಿಂತಿರುವ ಸಾಲಿನ ಪಕ್ಕದಲ್ಲೇ ಭಾರತೀಯರು ಬೇರೆ ಕೌಂಟರಿನಿಂದ ಹೊರಗೆ ಹೋಗುತ್ತಾರೆ. ಹೊರಗೆ ಸಿಸ್ಟರಕ್ಕನೇ ಮುಂದಾಳು. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ, 1993ರಿಂದ ಬದಲಾಗದ ದರ. ಲೆಕ್ಕ ಹಾಕಲು ಕಾಗದ ಪೆನ್ಸಿಲು ಬೇಡ. ಪುಟ್ಟ ಬಿಳಿ ಮಾರುತಿ ಟ್ಯಾಕ್ಸಿಯ ನಂಬರು ದೇವನಾಗರಿ ಅಂಕಿಗಳಲ್ಲಿದೆ. ಟ್ಯಾಕ್ಸಿಯವನನ್ನು ಸಿಸ್ಟರಕ್ಕ ‘ದಾಯಿ’ ಎನ್ನುತ್ತಾರೆ, ಅಂದರೆ ಅಣ್ಣ. ಅವನು ಅವರನ್ನು ‘ದೀದಿ’ ಎನ್ನುತ್ತಾನೆ. ಬೆಳಗಿನಿಂದ ನಾವು ಅಣ್ಣ ಅಕ್ಕ ಎನ್ನುತ್ತಲೇ ಬಂದವರು. ಮಾತು ಬದಲಾಯಿತೇ ಹೊರತು ನಂಟು ಅದೇ.

ನಿಲ್ದಾಣದಿಂದ ಪಶುಪತಿನಾಥ ಬಹಳ ಹತ್ತಿರ. ಸೂರ್ಯ ಆಗಲೇ ಬೆಟ್ಟದ ಹಿಂದೆ ಸರಿದಿದ್ದಾನೆ, ಚಳಿ ಕಾಲಬೆರಳಿನಿಂದ ಹತ್ತುತ್ತಿದೆ. ದಾರಿಯ ಎರಡೂ ಬದಿ ಸೇವಂತಿಗೆಯ ಮಾಲೆ, ರುದ್ರಾಕ್ಷಿಯ ಸರ, ಎಲೆಯ ದೊನ್ನೆಯಲ್ಲಿ ಬತ್ತಿಯಿಟ್ಟ ದೀಪ. ಸಾಸಿವೆ ಎಣ್ಣೆ ಕಾಯುವ ಖಾರ ವಾಸನೆ, ಧೂಪದ ಹೊಗೆ, ಬಾಗಮತಿ ನದಿಯ ಆರ್ಯಘಾಟಿನಲ್ಲಿ ಉರಿಯುವ ಚಿತೆಯ ಹೊಗೆ, ಎಲ್ಲವೂ ಒಂದೇ ಗಾಳಿಯಲ್ಲಿ. ಒಂದು ದಡದಲ್ಲಿ ಯಾರದೋ ಮನೆಯವರು ತಲೆ ಬೋಳಿಸಿಕೊಂಡು ಮೌನವಾಗಿ ಕೂತಿದ್ದಾರೆ, ಎದುರು ದಡದಲ್ಲಿ ಸಂಜೆಯ ಆರತಿಗೆ ಹಿತ್ತಾಳೆಯ ದೀಪಗಳಿಗೆ ಬತ್ತಿ ಇಡುತ್ತಿದ್ದಾರೆ. ಸಾವೂ ಪೂಜೆಯೂ ಒಂದನ್ನೊಂದು ಅಡ್ಡಿಪಡಿಸದೆ ಅಕ್ಕಪಕ್ಕ ನಡೆಯುತ್ತವೆ.

ಪಶ್ಚಿಮದ ಬಾಗಿಲಿನಿಂದ ಒಳಗೆ ಹೋದರೆ ಎದುರಿಗೆ ಚಿನ್ನದ ಮುಲಾಮಿನ ಭಾರಿ ನಂದಿ, ಅದರಾಚೆ ಹೊನ್ನಿನ ಎರಡು ಅಂತಸ್ತಿನ ಮಾಡು, ಬೆಳ್ಳಿಯ ಬಾಗಿಲುಗಳು. ಮಾವ ಮಾಡಿನ ಕೆಳಗೆ ಓರೆಯಾಗಿ ನಿಂತ ಮರದ ಆನಿಕೆಗಳನ್ನು ನೋಡುತ್ತ ನಿಂತಲ್ಲೇ ನಿಂತುಬಿಡುತ್ತಾರೆ. ಒಂದೊಂದು ಆನಿಕೆಯಲ್ಲೂ ಒಂದೊಂದು ದೇವತೆ, ಸೊಂಟದ ಬಳುಕು, ಆಭರಣದ ಎಳೆ, ಕಾಲ ಕೆಳಗೆ ಹೂಬಳ್ಳಿ. “ಕಲ್ಲಿನಲ್ಲಿ ತಪ್ಪಿದರೆ ಒಡೆಯುತ್ತದೆ, ಮರದಲ್ಲಿ ತಪ್ಪಿದರೆ ಸೀಳುತ್ತದೆ. ಇವರು ಎಲ್ಲೂ ತಪ್ಪಿಲ್ಲ,” ಎಂದು ಕಠ್ಮಂಡು ಕಣಿವೆಯ ನೇವಾರ ಬಡಗಿಗಳಿಗೆ ತಮ್ಮ ಲೆಕ್ಕದ ದೊಡ್ಡ ಗೌರವ ಕೊಡುತ್ತಾರೆ. 2015ರ ಏಪ್ರಿಲ್ 25ರಂದು ಭೂಮಿ ನಡುಗಿ ನೇಪಾಳದಲ್ಲಿ ಒಂಬತ್ತು ಸಾವಿರದಷ್ಟು ಜನ ತೀರಿಕೊಂಡಾಗ ಕಣಿವೆಯ ಎಷ್ಟೋ ಗುಡಿಗೋಪುರಗಳು ಮಣ್ಣಾದವು. ಈ ಗರ್ಭಗುಡಿ ಮಾತ್ರ ನಿಂತೇ ಇತ್ತು.

ಬಾಗಿಲು ತೆರೆದಿದೆ. ನಾಲ್ಕು ದಿಕ್ಕಿಗೆ ನಾಲ್ಕು ಮುಖದ ಲಿಂಗ, ಮೇಲೆ ಕಣ್ಣಿಗೆ ಕಾಣದ ಐದನೆಯ ಈಶಾನ ಮುಖ. ದೀಪದ ಬೆಳಕಿನಲ್ಲಿ ಕೇಸರಿ ಉಡುಗೆಯ, ಕೊರಳ ತುಂಬ ರುದ್ರಾಕ್ಷಿಯ ಭಟ್ಟರೊಬ್ಬರು ಹೂವು ಏರಿಸುತ್ತಿದ್ದಾರೆ. ಈ ಲಿಂಗವನ್ನು ಮುಟ್ಟಿ ಪೂಜಿಸುವ ಹಕ್ಕು ಇರುವುದು ದಕ್ಷಿಣದಿಂದ ಬಂದ ಭಟ್ಟರಿಗೆ ಮಾತ್ರ, ಅವರಿಗೆ ನೆರವಾಗುವವರು ನೇಪಾಳದ ಭಂಡಾರಿಗಳು. ಈಚಿನ ಕಾಲದ ಭಟ್ಟರೆಲ್ಲ ಕರ್ನಾಟಕದವರು, ಅದರಲ್ಲೂ ಉಡುಪಿ, ಭಟ್ಕಳ, ಶಿರಸಿಯ ಸೀಮೆಯವರು. ಶಂಕರಾಚಾರ್ಯರು ಹಾಕಿಕೊಟ್ಟ ಕಟ್ಟಳೆ ಎಂದು ನಂಬಿಕೆ. ಅರಸ ತೀರಿಕೊಂಡರೆ ನಾಡಿಗೆಲ್ಲ ಸೂತಕ, ಆಗಲೂ ದೇವರ ಪೂಜೆ ನಿಲ್ಲಬಾರದೆಂದು ಹೊರನಾಡಿನವರನ್ನು ಕರೆಸಿದರೆಂದು ಹೇಳುವವರೂ ಇದ್ದಾರೆ. ಅರಸೊತ್ತಿಗೆ ಕೊನೆಗೊಂಡ 2008ರಲ್ಲಿ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಲು ಹೊರಟಿತು, ಜನ ಬೀದಿಗಿಳಿದರು, ಅಲ್ಲಿಯ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಸರ್ಕಾರ ಹಿಂದೆ ಸರಿಯಿತು. ಮರುವರ್ಷ ಹೊಸದಾಗಿ ನೇಮಕಗೊಂಡು ಹೋದ ನಮ್ಮವರಿಬ್ಬರು ಅಲ್ಲಿ ಹಲ್ಲೆಗೂ ಗುರಿಯಾದರು. ಆದರೂ ಪೂಜೆ ನಿಲ್ಲಲಿಲ್ಲ. ಊರು ಬಿಟ್ಟು ಬಂದವರನ್ನು ಇನ್ನೊಂದು ದೇಶ ತನ್ನ ಗರ್ಭಗುಡಿಯೊಳಕ್ಕೇ ಬಿಟ್ಟುಕೊಂಡಿದೆ. ಅದಕ್ಕಿಂತ ದೊಡ್ಡ ನಂಬಿಕೆ ಯಾವುದಿದೆ?

ಪೂಜೆಯ ನಡುವಿನ ಬಿಡುವಿನಲ್ಲಿ ಭಟ್ಟರ ಕಣ್ಣು ದೊಡ್ಡಮ್ಮನ ಮಲ್ಲಿಗೆಯ ಮೇಲೆ ಬೀಳುತ್ತದೆ. ಬೆಳಗಿನ ಮೊಗ್ಗು ಈಗ ಅರಳಿ ಪರಿಮಳ ಬಿಟ್ಟಿದೆ. “ಊರು ಯಾವುದಾಯ್ತು?” ಎಂದು ಅಚ್ಚ ಕರಾವಳಿಯ ಕನ್ನಡದಲ್ಲಿ ಕೇಳುತ್ತಾರೆ. “ಕಾಪು,” ಎನ್ನುವಾಗ ದೊಡ್ಡಮ್ಮನ ಗಂಟಲು ಕಟ್ಟುತ್ತದೆ. ಪ್ರಸಾದ ಅಂಗೈಗೆ ಬರುತ್ತದೆ. ಆಮೇಲೆ ಬಾಗಮತಿಯ ಮೆಟ್ಟಿಲಲ್ಲಿ ಅವರು ಮನೆಯವರ ಹೆಸರಿನ ದೀಪಗಳ ಜೊತೆಗೆ ಮಣಿಪಾಲದ ಆ ಅಡುಗೆ ಹುಡುಗನ ಹೆಸರಿನದನ್ನೂ ಹಚ್ಚಿ ನೀರಿಗೆ ಬಿಡುತ್ತಾರೆ. ಶಂಖ, ಡಮರು, ಗಂಟೆ, ಸಾವಿರ ಕಂಠದ ಭಜನೆ. ನಾಳೆ ಪೃಥ್ವಿ ಹೆದ್ದಾರಿ ಹಿಡಿದು ಇನ್ನೂರು ಕಿಲೋಮೀಟರ್ ದೂರದ ಪೊಖರಾ.

ಹೀಗೆ ಯಾವ ತೊಡಕೂ ಇಲ್ಲದೆ ಒಂದು ಹಗಲು ಕಳೆಯುತ್ತದೆ. ಅದು ಸಲೀಸಾಗಿ ಕಳೆದದ್ದು ತಾನಾಗಿಯೇ ಅಲ್ಲ. ಜಾವದಲ್ಲೇ ಎದ್ದ ಡ್ರೈವರಣ್ಣ, ಬಾಣಲೆ ಕಾಯಿಸಿದ ಹೋಟೆಲಿನವರು, ಚೀಲ ಎತ್ತಿ ಹಾಕಿದ ಕೈಗಳು, ಚೀಟಿ ನೋಡಿ ದಾರಿ ಬಿಟ್ಟ ಅಧಿಕಾರಿ, ಇವರೆಲ್ಲ ತಂತಮ್ಮ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದ್ದಾರೆ. ಅವರಿಗಿಂತ ಹಿಂದೆ, ಪೂಜೆಗೆಂದು ಹೋದ ಭಟ್ಟರು, ಔಷಧಕ್ಕೆಂದು ಹೋದ ವೈದ್ಯರು, ನರ್ಸುಗಳು, ದುಡಿಮೆಗೆಂದು ಇಲ್ಲಿಗೆ ಬಂದ ನೇಪಾಳದ ಹುಡುಗರು ನಡೆದು ನಡೆದು ಈ ದಾರಿಯನ್ನು ಸವೆಸಿ ನಯ ಮಾಡಿದ್ದಾರೆ. ನಾವು ಅಲ್ಲಿಗೆ ಹೋದಾಗ ಗರ್ಭಗುಡಿಯಿಂದಲೇ ಕನ್ನಡ ಕೇಳಿಸುತ್ತದೆ. ಅವರು ನಮ್ಮಲ್ಲಿಗೆ ಬಂದಾಗ ಎಷ್ಟು ಕಡೆ ಹೆಸರು ಹಿಡಿದು ಕರೆಯುತ್ತೇವೆ? ಬಹುತೇಕ ಕಡೆ ಅವರೆಲ್ಲ ಬರೀ ‘ಗೂರ್ಖ’, ಇಲ್ಲವೇ ‘ಏ ಭಯ್ಯಾ’.

ಹೋಗಿ ಬನ್ನಿ, ಕಾರ್ತಿಕದಲ್ಲೇ ಹೋಗಿ. ಮತದಾರರ ಚೀಟಿ ಮರೆಯಬೇಡಿ, ಎಡಗಡೆಯ ಕಿಟಕಿಯನ್ನೇ ಕೇಳಿ ಪಡೆಯಿರಿ, ಒಣಕೊಬ್ಬರಿ ಮನೆಯಲ್ಲೇ ಇರಲಿ. ಹೊರಡುವ ಮೊದಲು ನಿಮ್ಮ ಕೇರಿಯ ಹೋಟೆಲಿನಲ್ಲೋ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ದುಡಿಯುವ ನೇಪಾಳದವರ ಹೆಸರು, ಊರು, ಮನೆಮಂದಿಯ ಕ್ಷೇಮ ಕೇಳಿಕೊಳ್ಳಿ, ಹಬ್ಬಕ್ಕೆ ಊರಿಗೆ ಹೊರಟಾಗ ರಜೆಯನ್ನು ಎರಡು ದಿನ ಹೆಚ್ಚಿಗೆ ಕೊಡಿ. ನಮಗೆ ಒಂದು ಹಗಲಿನ ದಾರಿ ಅವರಿಗೆ ಇನ್ನೂ ಮೂರು ನಾಲ್ಕು ದಿನದ್ದು.